ಫೋಟೋದ ಎಡಮೂಲೆ

ಕಂಠಪ್ಪನವರ ಮೀಸೆಯೊಳಗಿಂದ ಕೆಂಪು ಹಾರ್ಟುಗಳು ಪುಳಕ್ ಪುಳಕ್ ಎಂದು ಹಾರತೊಡಗಿದವು. ತಲೆಯ ಮೇಲೆ ಗುಲಾಬಿ ಹೂಗಳು ಉದುರಿದವು. ಆಮೇಲೆ ಅವರು ಗಿರಗಿರನೆ ಎರಡು ಸುತ್ತು ತಿರುಗಿ, ಚೂರುಚೂರಾಗಿ ಒಡೆದು ಮಾಯವಾದರು.

"ಎಂಗೆ?" ಎಂದು ನಂಜುಂಡೇಶ ಮೊಬೈಲನ್ನು ಎತ್ತಿ ಹಿಡಿದ.

ಸಂಘಮಿತ್ರ ನಗು ತಡೆದುಕೊಂಡಳು. "ಕೆಳಗೆ ಏನೋ ಬರ್ದದೆ ನೋಡು."

ಕೆಳಗೆ 'ಹ್ಯಾಪಿ ವೆಡ್ಡಿಂಗ್ ಆನಿವರ್ಸರಿ' ಎಂದು ಮಿನುಗುತ್ತಿತ್ತು.

"ಅದು ಓಗಲ್ಲ ಕಣೇ. ಫ್ರೀ ಆಪ್ ಅಂದ್ರೆ ಅಷ್ಟೇ. ಯಾರೂ ಓದಲ್ಲ ಬುಡು."

ನಾಳೆ ಪರಿಸರ ದಿನ. ಶಾಲೆಯಲ್ಲಿ ಐದು ವರ್ಷಗಳಿಂದ ಗಿಡ ನೆಟ್ಟ ಫೋಟೋಗಳನ್ನೆಲ್ಲ ಸೇರಿಸಿ ಒಂದು ಸ್ಲೈಡ್ ಶೋ ಆಗಬೇಕು, ಅದನ್ನು ಸ್ಮಾರ್ಟ್ ಕ್ಲಾಸಿನ ಟಿವಿಯಲ್ಲಿ ತೋರಿಸಬೇಕು ಎಂದು ಹೆಡ್‌ಮಾಸ್ಟರ್ ರುದ್ರಸ್ವಾಮಿ ಮೇಷ್ಟ್ರು ಆರನೇ ಕ್ಲಾಸಿನ ಈ ಇಬ್ಬರಿಗೆ ಹೇಳಿದ್ದರು. ನಂಜುಂಡೇಶನಿಗೆ ಆಪ್‌ಗಳು ಗೊತ್ತು. ಸಂಘಮಿತ್ರಳಿಗೆ ಕನ್ನಡ ಟೈಪಿಂಗ್ ಬರುತ್ತದೆ. ಸ್ಲೈಡ್ ಶೋದ ಹೆಸರನ್ನು ಮೇಷ್ಟ್ರೇ ಇಟ್ಟಿದ್ದರು: 'ಹಸಿರು ಹೆಜ್ಜೆ'.

ಅಷ್ಟರಲ್ಲಿ ಕಂಠಪ್ಪನವರೇ ಬಾಗಿಲಲ್ಲಿ ನಿಂತರು. ಅವರು ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಅಧ್ಯಕ್ಷರು. ಶಾಲೆಯಲ್ಲಿ ಯಾವ ಫೋಟೋ ತೆಗೆದರೂ ಅದರ ನಡುವೆ ಅವರು ಇರುತ್ತಿದ್ದರು.

"ಏನ್ ಮಕ್ಳಾ, ನನ್ನ ಮಕ ಎಷ್ಟು ಸಲ ಬತ್ತದೆ?"

"ಐದು ಸಲ ಸಾರ್."

"ಅಷ್ಟೇನಾ? ಓಗ್ಲಿ. ಫ್ಲೆಕ್ಸ್‌ನಾಗೆ ಇರ್ತದಲ್ಲ, ಅಂಗೆ ರೌಂಡ್ ಒಳಗೆ ಬರ್ಬೇಕು. ನಾನು ಬರೋವಾಗ ಒಂದು ಸೌಂಡ್ ಇರ್ಲಿ."

"ಎಂಥ ಸೌಂಡ್ ಸಾರ್?"

ಕಂಠಪ್ಪ ಮೀಸೆ ಸವರಿಕೊಂಡು ಯೋಚಿಸಿದರು. "ಹುಲಿ."

"ಪರಿಸರ ದಿನಕ್ಕಾ ಸಾರ್?"

"ಹುಲಿ ಇನ್ನೆಲ್ಲಿರ್ತದ್ಲಾ? ಪರಿಸರದಾಗೇ ತಾನೆ? ವೀರನಹೊಸಹಳ್ಳಿ ಕಾಡಿನ ಗೇಟಿನ ಆಚೆ ಓಗಿ ಕೇಳು, ಗೊತ್ತಾಯ್ತದೆ," ಎಂದು ಹೇಳಿ ಹೊರಟುಹೋದರು.

ನಂಜುಂಡೇಶ ಶಾಲೆಯ ಲ್ಯಾಪ್‌ಟಾಪಿನಲ್ಲಿ ಎರಡನೇ ಸಾಫ್ಟ್‌ವೇರ್ ತೆರೆದ. ಇದರಲ್ಲಿ ಹುಲಿ ಇರಲಿಲ್ಲ, ಸಿಡಿಲಿತ್ತು. ಒಂದೊಂದು ಫೋಟೋ ಬಂದಾಗಲೂ ಢಂ ಎನ್ನುತ್ತಿತ್ತು. ಆದರೆ ಎಲ್ಲರ ಮುಖದ ಮೇಲೂ ಅಡ್ಡಡ್ಡಲಾಗಿ, ದಪ್ಪ ಅಕ್ಷರದಲ್ಲಿ ಆ ಸಾಫ್ಟ್‌ವೇರಿನ ಹೆಸರು ಬಂದು ಕೂತುಕೊಂಡಿತು.

"ಥೂ, ದನಕ್ಕೆ ಮುದ್ರೆ ಒತ್ತಿದಂಗದೆ," ಎಂದ ನಂಜುಂಡೇಶ.

ಇನ್ನೊಂದು ಉಳಿದಿತ್ತು. ಅದು ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದಲೂ ಇದ್ದದ್ದು. ಯಾರೂ ಮುಟ್ಟಿರಲಿಲ್ಲ. ಹಾರ್ಟಿಲ್ಲ, ಹೂವಿಲ್ಲ, ಹುಲಿಯಿಲ್ಲ. ಒಂದು ಫೋಟೋ ಮೆಲ್ಲಗೆ ಮಸುಕಾಗುತ್ತಿತ್ತು, ಅದರೊಳಗಿಂದ ಇನ್ನೊಂದು ಮೂಡುತ್ತಿತ್ತು. ಮೂಡಿದ್ದು ತನ್ನಷ್ಟಕ್ಕೆ ತಾನು ಯಾವುದೋ ಒಂದು ಮೂಲೆಯ ಕಡೆ ನಿಧಾನವಾಗಿ ಸರಿದು ದೊಡ್ಡದಾಗುತ್ತಿತ್ತು.

"ಎತ್ತಿನ ಗಾಡಿ ಇದು! ಆಕಳಿಕೆ ಬತ್ತದೆ," ಎಂದ ನಂಜುಂಡೇಶ.

"ತಡಿಯೋ. ನೋಡು."

ಮೊದಲ ವರ್ಷದ ಫೋಟೋದಲ್ಲಿ ಆರು ಜನ ಸೇರಿ ಒಂದು ಸಸಿ ಹಿಡಿದಿದ್ದರು. ಗೇಣುದ್ದದ ಸಸಿ ಎಷ್ಟು ಭಾರವಿತ್ತೋ ಪಾಪ! ಗುದ್ದಲಿ ಹಿಡಿದವರ ಬಿಳಿ ಶರ್ಟಿನ ಮೇಲೆ ಒಂದು ಚೂರು ಮಣ್ಣಿರಲಿಲ್ಲ. ಆ ಫೋಟೋ ಮಸುಕಾಗಿ ಎರಡನೇ ವರ್ಷದ್ದು ಬಂತು. ಜನ ಬದಲಾದರು, ಶರ್ಟು ಬದಲಾಯಿತು, ಕಂಠಪ್ಪನವರ ಹೊಟ್ಟೆ ಸ್ವಲ್ಪ ಮುಂದೆ ಬಂತು. ಆದರೆ ಹಿಂದಿನ ಶಾಲೆಯ ಬೋರ್ಡು ಅಲ್ಲೇ ಇತ್ತು. ಮುಂದಿನ ಗುಂಡಿಯೂ ಅಲ್ಲೇ ಇತ್ತು. ಮೂರನೇ ವರ್ಷವೂ ಅದೇ ಗುಂಡಿ. ನಾಲ್ಕನೇ ವರ್ಷವೂ ಅದೇ.

"ಲೇ! ಎಲ್ಲಾ ಗಿಡಾನೂ ಒಂದೇ ಗುಂಡಿಗೆ ಎಂಗೆ ಇಡುಸ್ತು?" ನಂಜುಂಡೇಶ ನಕ್ಕ.

ಸಂಘಮಿತ್ರ ನಗಲಿಲ್ಲ. ಮುಂದೆ ಬರುವ ಫೋಟೋ ಹೋದ ವರ್ಷದ್ದು. ಅದನ್ನು ನೋಡಲು ಅವಳಿಗೆ ಇಷ್ಟವಿರಲಿಲ್ಲ.

ಅದಕ್ಕೂ ಹಿಂದಿನ ವರ್ಷ ನೆಟ್ಟಿದ್ದು ನೇರಳೆ ಸಸಿ. ನೀರು ಹಾಕುವ ಪಟ್ಟಿಯಲ್ಲಿ ಸಂಘಮಿತ್ರಳ ಹೆಸರಿತ್ತು. ಭಾನುವಾರವೂ ಅವಳು ಕೊಡ ಹೊತ್ತು ಬರುತ್ತಿದ್ದಳು. ಗಾಳಿಗೆ ವಾಲದಿರಲಿ ಎಂದು ಕೋಲು ನೆಟ್ಟು, ತನ್ನ ಜಡೆಯ ಕೆಂಪು ರಿಬ್ಬನ್ನಿನಿಂದ ಕಟ್ಟಿದ್ದಳು. ಹೋದ ವರ್ಷ ಬೇಸಿಗೆ ರಜೆಯ ಕೊನೆಯಲ್ಲಿ ಎಂಟೇ ಎಂಟು ದಿನ ಹೆಗ್ಗಡದೇವನಕೋಟೆಯ ಅಜ್ಜಿ ಮನೆಗೆ ಹೋಗಿದ್ದಳು. ನೀರು ಹಾಕು ಎಂದು ನಂಜುಂಡೇಶನಿಗೆ ಹೇಳಿಯೇ ಹೋಗಿದ್ದಳು.

ಪರಿಸರ ದಿನದ ಬೆಳಿಗ್ಗೆ ಬಸ್ಸಿಳಿದು ಓಡಿ ಬಂದಾಗ ಕಾರ್ಯಕ್ರಮ ಶುರುವಾಗಿತ್ತು. ನೇರಳೆ ಇರಲಿಲ್ಲ. ಗುಂಡಿ ಇತ್ತು. ಕಂಠಪ್ಪ ಮೈಕಿನಲ್ಲಿ ಕೂಗುತ್ತಿದ್ದರು: "ನಾವು ನೆಡ್ತಾನೇ ಇರ್ತೀವಿ, ಈ ಮಕ್ಳು ಒಣಗುಸ್ತಾನೇ ಇರ್ತವೆ!" ಯಾರ ಪಾಳಿ ಎಂದು ರುದ್ರಸ್ವಾಮಿ ಮೇಷ್ಟ್ರು ಕೇಳಿದರು. ಸಂಘಮಿತ್ರ ಎದ್ದು ನಿಂತಳು. ಕಾರ್ಯಕ್ರಮ ಮುಗಿಯುವವರೆಗೂ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದಳು.

ಅವತ್ತಿನಿಂದ ಅವಳ ಹೆಸರು 'ಬರಗಾಲ'. "ಬರಗಾಲ ಬಂತು ಕಣ್ರೋ, ವಾಟರ್ ಬಾಟ್ಲು ಮುಚ್ಕೊಳ್ರೋ!" ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ನಂಜುಂಡೇಶನೇ.

ಈಗ ಪರದೆಯಲ್ಲಿ ಆ ಫೋಟೋ ಮೂಡಿತು. ಆರು ಜನ, ಒಂದು ಹೊಂಗೆ ಸಸಿ. ಎತ್ತಿನ ಗಾಡಿ ಹೊರಟಿತು. ಅದು ಕಂಠಪ್ಪನವರ ಕಡೆ ಹೋಗಲಿಲ್ಲ. ಎಡಕ್ಕೆ ಸರಿಯಿತು, ಕೆಳಕ್ಕೆ ಸರಿಯಿತು, ಕಾಂಪೌಂಡಿನ ಬುಡಕ್ಕೆ ಹೋಗಿ ನಿಂತಿತು.

ಅಲ್ಲಿ ಒಂದು ಸಸಿ ಬಿದ್ದಿತ್ತು. ಬೇರಿನಲ್ಲಿ ಹಸಿ ಮಣ್ಣು. ತುಂಬ ಎಲೆ, ಎಲ್ಲ ಹಸಿರು. ನಡುವೆ ಕೆಂಪು ರಿಬ್ಬನ್.

ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು.

"ಒಣಗಿರ್ನಿಲ್ಲ," ಎಂದಳು ಸಂಘಮಿತ್ರ.

ನಂಜುಂಡೇಶ ಮೌಸಿನ ವೈರನ್ನು ಬೆರಳಿಗೆ ಸುತ್ತುತ್ತಿದ್ದ. "ನಾನು ಎಲ್ಡು ದಿನ ಹಾಕಿ ಮರ್ತುಬುಟ್ಟಿದ್ದೆ ಕಣೇ," ಎಂದ. "ನಾನೇ ಸಾಯಿಸ್ದೆ ಅನ್ಕಂಡಿದ್ದೆ."

"ಅದಕ್ಕೇ ಬರಗಾಲ ಅಂತಿದ್ದಾ?"

ಅವನು ವೈರನ್ನು ಇನ್ನೊಂದು ಸುತ್ತು ಸುತ್ತಿದ. ಆಮೇಲೆ ಕೇಳಿದ, "ಯಾವ್ದು ಹಾಕೋಣ? ಮೊಬೈಲ್‌ದು ಹಾಕಿದ್ರೆ ಆ ಮೂಲೆ ಮೇಲೆ ಗುಲಾಬಿ ಬತ್ತದೆ. ಕಾಣಲ್ಲ."

"ಎತ್ತಿನ ಗಾಡೀನೇ ಇರ್ಲಿ," ಎಂದಳು ಸಂಘಮಿತ್ರ.

ಮರುದಿನ ಸ್ಮಾರ್ಟ್ ಕ್ಲಾಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನ ಕುರ್ಚಿಯಲ್ಲಿ ಅತಿಥಿಗಳು, ನೆಲದ ಮೇಲೆ ಮಕ್ಕಳು. ಫೋಟೋಗಳು ಒಂದೊಂದಾಗಿ ಮಸುಕಾಗಿ ಮೂಡಿದವು. "ಅದು ನಾನು!" "ಪಕ್ಕದಲ್ಲಿ ನಾನು!" ಎಂದು ಕುರ್ಚಿಗಳು ಸಂಭ್ರಮಿಸಿದವು.

ಹೋದ ವರ್ಷದ್ದು ಬಂತು. ಎಡಕ್ಕೆ, ಕೆಳಕ್ಕೆ. ಟಿವಿಯ ತುಂಬ ಹಸಿರು ಎಲೆ, ಕೆಂಪು ರಿಬ್ಬನ್.

"ಏ! ಏ! ನನ್ನ ಅರ್ಧ ತಲೆ ಕಟ್ಟಾಯ್ತು!" ಕಂಠಪ್ಪ ಎದ್ದು ನಿಂತರು. "ಹುಲಿ ಎಲ್ಲಿ? ಹುಲಿ ಸೌಂಡ್ ಎಲ್ಲಿ ಓಯ್ತು?"

ಎಲ್ಲರೂ ಕಟ್ಟಾದ ತಲೆಯನ್ನು ಹುಡುಕಿದರು. ರುದ್ರಸ್ವಾಮಿ ಮೇಷ್ಟ್ರು ಮಾತ್ರ ಕನ್ನಡಕ ತೆಗೆದು, ಶರ್ಟಿನ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಟಿವಿ ನೋಡಿದರು. ಒಮ್ಮೆ ಸಂಘಮಿತ್ರಳ ಕಡೆ ನೋಡಿದರು. ಆಮೇಲೆ, "ಸಾಕು, ಮುಂದಕ್ಕೆ ಹೋಗಪ್ಪ," ಎಂದರು.

ಮುಂದೆ ಏನೂ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊರಗೆ ಬೋರ್ಡಿನ ಮುಂದೆ ಗುಂಡಿ ತಯಾರಾಗಿತ್ತು. ಪಂಚಾಯ್ತಿ ನೀರು ಬಿಡುವ ಚಾಮಯ್ಯ ಗುದ್ದಲಿಯ ಮಣ್ಣು ಕೆರೆಯುತ್ತಿದ್ದ. ಅವನ ಕಾಲಿನ ಹತ್ತಿರ, ಕಾಂಪೌಂಡಿನ ಬುಡದಲ್ಲಿ, ಹೋದ ವರ್ಷದ ಹೊಂಗೆ ಮಲಗಿತ್ತು. ಸಂಘಮಿತ್ರಳ ಸೊಂಟದಷ್ಟು ಬೆಳೆದಿತ್ತು.

"ಚಾಮಯ್ಯಣ್ಣ, ನೇರಳೇನೂ ನೀವೇ ಕಿತ್ತಿದ್ದಾ?"

"ಇನ್ಯಾರು ಕೀಳ್ತಾರವ್ವ? ಫೋಟೋದಾಗೆ ಸ್ಕೂಲ್ ಬೋರ್ಡು ಕಾಣ್ಬೇಕಂತೆ. ಬೋರ್ಡಿರೋದು ಇಲ್ಲೇ." ಚಾಮಯ್ಯ ದನಿ ತಗ್ಗಿಸಿದ. "ನಿನ್ನ ನಿಲ್ಲಿಸ್ದಾಗ ಹೇಳ್ಬೇಕು ಅನ್ನುಸ್ತು ಕಣವ್ವ. ಮೈಕು ಅವ್ರ ಕೈಲಿತ್ತು."

ಅತಿಥಿಗಳು ಬಂದು ಸಾಲಾಗಿ ನಿಂತರು. ಆರು ಜನ ಒಂದು ಸಸಿ ಎತ್ತಿಕೊಂಡರು. "ಸ್ಮೈಲ್ ಪ್ಲೀಸ್!" ಎಂದರು ಯಾರೋ.

ಸಂಘಮಿತ್ರ ಹೊಂಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಚಾಮಯ್ಯ ಏನೂ ಕೇಳದೆ ಗುದ್ದಲಿಯನ್ನು ನಂಜುಂಡೇಶನ ಕೈಗೆ ಕೊಟ್ಟ.

ಬಿಸಿಯೂಟದ ಅಡುಗೆ ಮನೆಯ ಹಿಂದೆ, ಮಕ್ಕಳು ತಟ್ಟೆ ತೊಳೆದ ನೀರು ಹರಿದು ಹೋಗುವ ಕಡೆ, ಇಬ್ಬರೂ ಗುಂಡಿ ತೋಡಿದರು. ನಂಜುಂಡೇಶನ ಬಿಳಿ ಶರ್ಟು ಮಣ್ಣಾಯಿತು. ಸಸಿ ನೆಟ್ಟು ಮುಗಿದ ಮೇಲೆ ಅವನು ಅಭ್ಯಾಸದಂತೆ ಮೊಬೈಲ್ ತೆಗೆದು ಹಿಡಿದ. ಹಿಂದೆ ಮಸಿ ಹಿಡಿದ ಗೋಡೆ, ಪಕ್ಕದಲ್ಲಿ ಸೀಮೆಬದನೆ ಸಿಪ್ಪೆಯ ಗುಡ್ಡೆ.

"ಇಲ್ಲಿ ಫೋಟೋ ಚೆನ್ನಾಗಿ ಬರಲ್ಲ ಕಣೇ," ಎಂದ.

"ಅದಕ್ಕೇ," ಎಂದಳು ಸಂಘಮಿತ್ರ. ಜಡೆಯ ರಿಬ್ಬನ್ ಬಿಚ್ಚಿ ಕೋಲಿಗೆ ಕಟ್ಟತೊಡಗಿದಳು.