ಟಿಂಗ್ ಎನ್ನದ ಫೋನು

“ಅಜ್ಜಾ, ನಮ್ಮ ಫೋನ್ ಟಿಂಗ್ ಅಂದಿಲ್ಲ. ಟಿಂಗ್ ಅನ್ನದೆ ಬುಟ್ಟಿ ಕೊಡಲ್ಲ!”

ಮುಂಬುವಾ ಕೆಂಪು ಪಟ್ಟಿಯ ಬುಟ್ಟಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಅವಳಿನ್ನೂ ಐದನೇ ಕ್ಲಾಸು. ಆದರೆ ಶನಿವಾರ ಅಮ್ಮ ಕತ್ತಾಳೆ ನಾರು ತರಲು ಹೋದರೆ, ಮಚಾಕೋಸ್ ಊರಿನ ಬಸ್ ಸ್ಟ್ಯಾಂಡಿನ ಪಕ್ಕದ ಆ ಪುಟ್ಟ ಬುಟ್ಟಿ ಅಂಗಡಿಗೆ ಅವಳೇ ಯಜಮಾನಿ. ಅಂಗಡಿಯ ಫೋನೂ ಅವಳ ಕೈಯಲ್ಲೇ.

ಎದುರಿಗೆ ನಿಂತಿದ್ದ ಹೊಸ ಗಿರಾಕಿ ಮುಥೋಕ ಅಜ್ಜ ತಮ್ಮ ಹಳೇ ಬಟನ್ ಫೋನನ್ನು ಮುಂದೆ ಹಿಡಿದರು.

“ದುಡ್ಡು ಕಟ್ಟಿ ಆಗಿದೆ ಮಗಳೇ. ಮೊಂಬಾಸಾದಲ್ಲಿರೋ ನನ್ನ ಮಗಳು ನಿಮ್ಮ ವೆಬ್‌ಸೈಟಲ್ಲೇ ಕಟ್ಟಿದ್ಲಂತೆ. ನೋಡು, ಮೆಸೇಜು ಕಳಿಸಿದ್ದಾಳೆ.”

ವೆಬ್‌ಸೈಟ್ ಎಂದ ಕೂಡಲೇ ಮುಂಬುವಾ ಇನ್ನಷ್ಟು ನೆಟ್ಟಗೆ ನಿಂತಳು. ದೊಡ್ಡಪ್ಪನ ಮಗ ಮಾಲುಕಿ ಅಣ್ಣನ ಜೊತೆ ಕೂತು ಅದನ್ನು ಮಾಡಿದವಳು ಅವಳೇ ತಾನೇ! ಬುಟ್ಟಿಗಳ ಫೋಟೋ ತೆಗೆದದ್ದು ಅವಳು. ‘ಮೊಬೈಲಿನಿಂದ ಹಣ ಕಟ್ಟಿ’ ಎಂಬ ಬಟನ್ನಿಗೆ ಹಸಿರು ಬಣ್ಣ ಆರಿಸಿದ್ದೂ ಅವಳೇ. ಆ ಬಟನ್ ಬಂದು ನಾಲ್ಕು ದಿನ ಆಗಿತ್ತು. ಇನ್ನೂ ಯಾರೂ ಒತ್ತಿರಲಿಲ್ಲ ಎಂದು ಅವಳಿಗೆ ಒಳಗೊಳಗೇ ಬೇಜಾರು.

ಅವಳು ಅಜ್ಜನ ಫೋನು ತೆಗೆದುಕೊಂಡು ನೋಡಿದಳು. ಸಾವಿರದ ಎಂಟುನೂರು ಶಿಲಿಂಗ್. ಅಂಗಡಿಯ ಹೆಸರು ಸರಿ. ಆದರೆ ಮೆಸೇಜು ಬಂದದ್ದು ಮೊಬೈಲ್ ಹಣದ ಕಂಪನಿಯಿಂದ ಅಲ್ಲ, ಯಾವುದೋ ಸಾಮಾನ್ಯ ನಂಬರಿನಿಂದ.

ಈ ಮೋಸ ಊರಿಗೆಲ್ಲ ಗೊತ್ತು. ಮೆಸೇಜನ್ನು ತಾವೇ ಟೈಪ್ ಮಾಡಿ ತೋರಿಸುತ್ತಾರೆ, ಸಾಮಾನು ಎತ್ತಿಕೊಂಡು ಪರಾರಿ. ಹೋದ ಕ್ರಿಸ್‌ಮಸ್ಸಿನಲ್ಲಿ ಅಮ್ಮ ಹೀಗೇ ನಾಲ್ಕು ಬುಟ್ಟಿ ಕಳೆದುಕೊಂಡಿದ್ದಳು. ನಮ್ಮ ಫೋನಿಗೇ ಮೆಸೇಜು ಬರಬೇಕು, ಟಿಂಗ್ ಅನ್ನಬೇಕು ಎಂಬ ನಿಯಮ ಅವತ್ತಿನಿಂದ ಬಂದದ್ದು.

“ಇದು ಕಂಪನಿ ಕಳಿಸಿರೋ ಮೆಸೇಜಲ್ಲ. ಯಾರದೋ ನಂಬರಿಂದ ಬಂದಿದೆ!”

“ಯಾರದೋ ಅಲ್ಲ ತಾಯಿ, ನನ್ನ ಮಗಳ ನಂಬರು. ಅವಳಿಗೆ ಬಂದಿದ್ದನ್ನ ನನಗೆ ಕಳಿಸಿದ್ದಾಳೆ ಅಷ್ಟೆ.”

“ಕಳ್ಳರೆಲ್ಲ ಹೀಗೇ ಹೇಳೋದು!”

ಮಾತು ಜೋರಾಗಿಯೇ ಬಂತು. ಪಕ್ಕದಲ್ಲಿ ಮಂಡಾಜಿ ಕರಿಯುತ್ತಿದ್ದ ರೋಡಾ ಚಿಕ್ಕಮ್ಮ ಎಣ್ಣೆ ಬಾಣಲೆ ಬಿಟ್ಟು ಇತ್ತ ನೋಡಿದಳು. ಚಪ್ಪಲಿ ಹೊಲಿಯುವ ಮುಟಿಸೋ ಮಾವ ಹೋ ಎಂದು ನಕ್ಕ.

“ಭಲೇ ಹುಡುಗಿ! ಅಲ್ಲಾ ಅಜ್ಜಾ, ಈ ವಯಸ್ಸಲ್ಲಿ ಯಾಕೆ ಬೇಕಿತ್ತು ಈ ಕಸುಬು?”

ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಗಾಡಿಗೆ ಕಾಯುತ್ತಿದ್ದ ಒಬ್ಬ ಹೆಂಗಸು ತನ್ನ ಚೀಲವನ್ನು ಹತ್ತಿರ ಎಳೆದುಕೊಂಡಳು. ಎಲ್ಲರೂ ನೋಡುತ್ತಿದ್ದಾರೆ ಎಂದು ಮುಂಬುವಾ ಉಬ್ಬಿದಳು. ಆ ಮೆಸೇಜನ್ನು ಗಟ್ಟಿಯಾಗಿ ಓದಿ ಇನ್ನೊಂದಿಷ್ಟು ನಗಿಸಿದಳು.

ಅಜ್ಜ ಮಗಳಿಗೆ ಮೂರು ಸಲ ಫೋನ್ ಮಾಡಿದರು. ಅವಳಿಗೆ ಹೋಟೆಲ್ ಅಡುಗೆಮನೆಯಲ್ಲಿ ಕೆಲಸ, ಎತ್ತಲಿಲ್ಲ.

“ನಾಳೆ ಬೀಗರ ಮನೆಗೆ ಮೊದಲ ಸಲ ಹೋಗ್ತಿದ್ದೀವಿ ಮಗಳೇ,” ಎಂದರು. “ನಮ್ಮವಳು ಹಿಟ್ಟು, ಸಕ್ಕರೆ ಎಲ್ಲಾ ಹೊಸ ಬುಟ್ಟೀಲಿ ಹೊತ್ಕೊಂಡು ಹೋಗ್ಬೇಕು. ಹಳೇದ್ರಲ್ಲಿ ಹೋದ್ರೆ ಏನಂದ್ಕೋತಾರೆ?”

“ಟಿಂಗ್ ಅನ್ನಲಿ, ಕೊಡ್ತೀನಿ.”

ಅರ್ಧ ಗಂಟೆ ಅಜ್ಜ ನಿಂತೇ ಕಾದರು. ಅವರ ಊರಿಗೆ ಹೋಗುವ ಮಟಾಟು ವ್ಯಾನು ಹಾರನ್ ಹೊಡೆಯಿತು. ಯಾರ ಮುಖವನ್ನೂ ನೋಡದೆ ಹೋಗಿ ಹತ್ತಿದರು.

ಸಂಜೆ ಅಮ್ಮ ಬಂದಳು. ನಾರಿನ ಹೊರೆ ಹೊತ್ತು ಮಾಲುಕಿ ಅಣ್ಣನೂ ಬಂದ. ಮುಂಬುವಾ ಕಳ್ಳನನ್ನು ಹಿಡಿದ ಕತೆಯನ್ನು ಕೈ ಬಾಯಿ ತಿರುಗಿಸಿ ಹೇಳಿದಳು.

ಮಾಲುಕಿ ಹೊರೆ ಕೆಳಗಿಟ್ಟ. “ಆರ್ಡರ್ ಪೇಜ್ ನೋಡಿದ್ಯಾ?”

“ಯಾವ ಪೇಜು? ಫೋನು ಟಿಂಗೇ ಅನ್ನಲಿಲ್ಲ.”

“ವೆಬ್‌ಸೈಟಲ್ಲಿ ಕಟ್ಟಿದ್ರೆ ಟಿಂಗ್ ಅನ್ನಲ್ಲ ಕಣೇ. ಪೇಜಲ್ಲಿ ಬರುತ್ತೆ. ಮಂಗಳವಾರಾನೇ ಹೇಳಿದ್ನಲ್ಲ!”

ಹೇಳಿದ್ದ. ಆಗ ಮುಂಬುವಾ ತಿಳಿ ಹಸಿರೋ ಗಾಢ ಹಸಿರೋ ಎಂದು ನೋಡುತ್ತಿದ್ದಳು.

ಪೇಜು ತೆರೆದರು. ಒಂದೇ ಒಂದು ಆರ್ಡರ್. ಕೆಂಪು ಪಟ್ಟಿಯ ಬುಟ್ಟಿ. ಬೆಳಿಗ್ಗೆ ಹತ್ತೂ ನಲವತ್ತೆರಡಕ್ಕೆ ಹಣ ಬಂದಿದೆ. ಕೆಳಗೆ ಎರಡು ಸಾಲು: ‘ನಮ್ಮಪ್ಪ ಮುಥೋಕ ಬಂದು ತಗೋತಾರೆ. ಚೆನ್ನಾಗಿರೋದನ್ನೇ ಆರಿಸಿ ಕೊಡಿ.’

ಅಮ್ಮ ಬುಟ್ಟಿಯನ್ನು ಕೈಗೆತ್ತಿಕೊಂಡಳು.

“ಟಿಂಗ್ ಅನ್ನೋವರೆಗೂ ಕೊಡಬೇಡ ಅಂತ ನಾನೇ ಹೇಳಿದ್ದೆ,” ಎಂದಳು. “ಕಳ್ಳ ಅನ್ನು ಅಂತ ಹೇಳಿರಲಿಲ್ಲ.”

ಆರ್ಡರಿನಲ್ಲಿದ್ದ ನಂಬರಿಗೆ ಅಮ್ಮ ಫೋನ್ ಮಾಡಿದಳು. ಈ ಸಲ ಅಜ್ಜನ ಮಗಳು ಎತ್ತಿದಳು, ಅಪ್ಪನ ನಂಬರು ಕೊಟ್ಟಳು. ಅಮ್ಮ ಅದನ್ನು ಒತ್ತಿ ಫೋನನ್ನು ಮುಂಬುವಾಳ ಕೈಗೇ ಕೊಟ್ಟಳು.

“ಅಜ್ಜಾ... ಬುಟ್ಟಿ ಅಂಗಡಿ ಹುಡುಗಿ. ದುಡ್ಡು ಬಂದಿತ್ತು. ನಾನೇ ನೋಡಿರ್ಲಿಲ್ಲ. ತಪ್ಪಾಯ್ತು ಅಜ್ಜಾ.”

ಆ ಕಡೆ ಆಡು ಕೂಗುವುದು ಕೇಳಿಸಿತು.

“ಆಯ್ತು ಬಿಡು ಮಗಳೇ.”

“ನಾಳೆ ಫಸ್ಟ್ ಗಾಡೀಲೇ ಕಳಿಸ್ತೀವಿ!”

“ನಾವು ಕೋಳಿ ಕೂಗೋ ಹೊತ್ತಿಗೇ ಹೊರಡ್ತೀವಿ. ನಮ್ಮವಳು ಪಕ್ಕದ ಮನೆಯವರ ಬುಟ್ಟೀನೇ ತೊಳೆದಿಟ್ಟಿದ್ದಾಳೆ. ನಿಮ್ಮದು ನಿಧಾನಕ್ಕೆ ಬರಲಿ.” ಅವರು ಕೆಮ್ಮಿದರು. “ಒಂದು ಕೆಲಸ ಮಾಡ್ತೀಯಾ? ಅಲ್ಲಿ ನಿಂತು ನೋಡಿದ್ರಲ್ಲ, ಅವರಿಗೆಲ್ಲ ಹೇಳಿಬಿಡು. ಆ ಮುದುಕ ದುಡ್ಡು ಕಟ್ಟಿದ್ದ ಅಂತ.”

ಮುಂಬುವಾ ಓಡಿದಳು. ರೋಡಾ ಚಿಕ್ಕಮ್ಮ ಒಲೆ ಆರಿಸುತ್ತಿದ್ದಳು. “ಅಯ್ಯೋ ಪಾಪ, ಒಂದು ಲೋಟ ಚಹಾನಾದ್ರೂ ಕೊಡಬಹುದಿತ್ತು ನಾನು,” ಎಂದಳು. ಮುಟಿಸೋ ಮಾವನ ಕೈಯಲ್ಲಿದ್ದ ಸೂಜಿ ನಿಂತಿತು. “ನಾನು ತಮಾಷೆಗೆ ಅಂದೆ ಕಣೇ,” ಎಂದ. ಆಮೇಲೆ ತಲೆ ಎತ್ತಲಿಲ್ಲ.

“ಮಗು ಕಟ್ಕೊಂಡು ಒಬ್ರು ನಿಂತಿದ್ರಲ್ಲ, ಅವರು ಯಾವ ಊರು ಮಾವ?”

“ಯಾರಿಗೆ ಗೊತ್ತು? ಮಧ್ಯಾಹ್ನವೇ ಯಾವುದೋ ಗಾಡಿ ಹತ್ತಿ ಹೋದ್ರಪ್ಪ.”

ಮುಂಬುವಾ ಸ್ಟ್ಯಾಂಡಿನ ತನಕ ಹೋದಳು. ಗಾಡಿಗಳು ನಾಲ್ಕು ದಿಕ್ಕಿಗೂ ಹೊರಡುತ್ತಿದ್ದವು. ಒಂದೊಂದು ಕಿಟಕಿಯನ್ನೂ ಇಣುಕಿ ನೋಡಿದಳು. ಬೆನ್ನಿಗೆ ಮಗು ಕಟ್ಟಿಕೊಂಡವರು ಎಷ್ಟೋ ಜನ ಇದ್ದರು, ಆ ಹೆಂಗಸು ಇರಲಿಲ್ಲ.

ಅವಳು ಇಷ್ಟು ಹೊತ್ತಿಗೆ ಮನೆ ಸೇರಿರುತ್ತಾಳೆ. ಮಗುವನ್ನು ಕೆಳಗಿಳಿಸಿ, ಮನೆಯವರನ್ನು ಕೂರಿಸಿಕೊಂಡು ಹೇಳುತ್ತಿರುತ್ತಾಳೆ: ಇವತ್ತು ಮಚಾಕೋಸಿನಲ್ಲಿ ಒಬ್ಬ ಕಳ್ಳ ಮುದುಕನನ್ನ ನೋಡಿದೆ. ಅವರೆಲ್ಲ ಅದನ್ನು ನಂಬುತ್ತಿರುತ್ತಾರೆ.