ಬ್ಯಾಟರಿ ಲಾರಿಯಲ್ಲಿ ಹೆಣ

ಹೊಸ ಬ್ಯಾಟರಿ ಲಾರಿಯ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಡ್ರೈವರ್ ಸತ್ತು ಬಿದ್ದಿದ್ದ. ಮೊದಲು ನೋಡಿದವಳು ಬುತ್ತಿ ತಂದ ಅವನ ಹೆಂಡತಿ. ನಾನೂ ಇನ್ಸ್‌ಪೆಕ್ಟರಮ್ಮನೂ ಆ ಸರಕು ಸಾಗಣೆ ಕಂಪನಿಯ ಅಂಗಳಕ್ಕೆ ಕಾಲಿಟ್ಟಾಗ ಅವಳಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ.

ಮ್ಯಾನೇಜರ್ ಒಬ್ಬ ಹಮಾಲಿಯನ್ನು ಮುಂದೆ ತಳ್ಳಿದ. ಆ ಹೆಂಗಸಿನ ಸ್ವಂತ ತಮ್ಮ.

“ಇವನೇ ಮೇಡಂ. ಬೆಳಿಗ್ಗೆ ಭಾವನ ಜೊತೆ ಜಗಳ. ಸಾಯಿ ಹೋಗು ಅಂದಿದ್ದನ್ನ ಎಲ್ರೂ ಕೇಳಿದ್ದಾರೆ. ಆಮೇಲೆ ಟೀ ಬೇರೆ ಕೊಟ್ಟಿದ್ದಾನೆ.”

ನಾನು ನಂಬಿದೆ. ಕೋಳ ತೊಡಿಸಿಯೂ ಬಿಟ್ಟೆ. ಅವನ ಅಕ್ಕ ನನ್ನ ತೋಳು ಹಿಡಿದಳು.

“ಗಂಡ ಹೋದ. ಇವನನ್ನೂ ಕರ್ಕೊಂಡು ಹೋದ್ರೆ ಯಾರ ಮುಖ ನೋಡಿ ಬದುಕ್ಲಿ ಅಣ್ಣಾ?”

ಈ ನೌಕರಿಗಿಷ್ಟು ಬೆಂಕಿ ಬೀಳಲಿ ಅನ್ನಿಸಿತು.

*

ಇನ್ಸ್‌ಪೆಕ್ಟರಮ್ಮ ಕರವಸ್ತ್ರದಿಂದ ಸತ್ತವನ ಮೂಗು ಒರೆಸಿದರು. ಬಟ್ಟೆಗೆ ಕಪ್ಪು ಮಸಿ ಹತ್ತಿತು.

“ಈ ಲಾರಿ ಹೊಗೆ ಬಿಡುತ್ತಾ?”

“ಎಲ್ಲಿ ಬರುತ್ತೆ ಮೇಡಂ? ಬ್ಯಾಟರಿದು. ಪರಿಸರ ಉಳಿಸೋಕೆ ಅಂತಾನೇ ತಂದಿದ್ದು. ಡ್ರೈವರುಗಳಿಗೂ ಡಬಲ್ ಡ್ಯೂಟಿ ಇಲ್ಲ. ಇದನ್ನೆಲ್ಲ ನೋಡೋಕೆ ಇವತ್ತು ದೊಡ್ಡ ಗಿರಾಕಿಗಳು ಬಂದಿದ್ರು.”

“ಡೀಸೆಲ್ ಲಾರಿಗಳು?”

“ಬೆಳಿಗ್ಗೆನೇ ಹೊರಗೆ ಕಳಿಸ್ದೆ. ಅವರ ಕಣ್ಣಿಗೆ ಬೀಳೋದು ಬೇಡ ಅಂತ.”

ಆಕೆ ಹಮಾಲಿಯ ಕಡೆ ತಿರುಗಿದರು. “ಜಗಳ ಯಾಕಪ್ಪಾ?”

“ರಾತ್ರಿಯಿಡೀ ಓಡಿಸಿ ಬಂದಿದ್ದ. ಮತ್ತೆ ಗಾಡಿ ಹತ್ತು ಅಂದ್ರು. ನಿದ್ದೆಗೆಟ್ಟು ಸಾಯ್ತೀಯಾ, ಸಾಯಿ ಹೋಗು ಅಂದೆ. ಸಂಕಟಕ್ಕೆ ಅಂದಿದ್ದು ಮೇಡಂ.” ಅವನು ಬಿಕ್ಕಿದ. “ಅದೇ ಟೀ ನಾವೆಲ್ರೂ ಕುಡಿದಿದೀವಿ.”

“ಮ್ಯಾನೇಜರೇ, ಈ ಬ್ಯಾಟರಿಗೆ ಕರೆಂಟ್ ಎಲ್ಲಿಂದ?”

“ಲೈನ್‌ದೇ ಮೇಡಂ. ಜನರೇಟರ್ ಗಿನರೇಟರ್ ಏನೂ ಇಲ್ಲ.”

“ಜನರೇಟರ್ ವಿಷಯ ನಾನು ಎತ್ತಲೇ ಇಲ್ವಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆಸಾಮಿ ಬೆವರಿಬಿಟ್ಟ.

*

ಲಾರಿಯ ದಪ್ಪ ವೈರು ಹಿಡಿದು ಗೋದಾಮಿನ ಹಿಂದಕ್ಕೆ ಹೋದೆವು. ತಗಡಿನ ಶೆಡ್ಡು. ಒಳಗೆ ಡೀಸೆಲ್ ಜನರೇಟರ್. ಅದರ ಹೊಗೆಕೊಳವೆಯನ್ನು ಪಕ್ಕದ ಕೋಣೆಯ ಗವಾಕ್ಷಿಗೆ ತುರುಕಿದ್ದರು. ಆ ಕೋಣೆಯ ಬಾಗಿಲ ಮೇಲೆ ‘ಚಾಲಕರ ವಿಶ್ರಾಂತಿ ಕೊಠಡಿ’ ಎಂಬ ಹೊಸ ಬೋರ್ಡು. ಚಿಲಕ ಹೊರಗಡೆ. ಒಳಗೆ ಗೋಡೆ, ಹಾಸಿಗೆ ಎಲ್ಲ ಮಸಿ; ಹಾಸಿಗೆಯ ನಡುವೆ ಮಾತ್ರ ಒಬ್ಬ ಮನುಷ್ಯ ಮಲಗಿದ್ದಷ್ಟು ಜಾಗ ಬಿಳಿಯಾಗಿತ್ತು.

“ಲಾರಿಗೆ ಕರೆಂಟ್ ಲೈನ್ ಇನ್ನೂ ಬಂದಿಲ್ಲ, ಡೀಸೆಲ್ಲೇ ಗತಿ,” ಎಂದರು ಇನ್ಸ್‌ಪೆಕ್ಟರಮ್ಮ. “ಹೊಗೆ ಗಿರಾಕಿಗಳಿಗೆ ಕಾಣ್ಬಾರ್ದು, ಕೊಳವೆ ಈ ಕಡೆ ತಿರುಗಿಸಿದ್ರಿ. ತೂಕಡಿಸೋ ಡ್ರೈವರೂ ಕಾಣ್ಬಾರ್ದು, ಒಳಗೆ ಮಲಗಿಸಿ ಚಿಲಕ ಹಾಕಿದ್ರಿ. ಎರಡು ಸುಳ್ಳಿಗೂ ಒಂದೇ ಕೋಣೆ. ಎಲ್ರೂ ಊಟಕ್ಕೆ ಹೋದಾಗ ಹೆಣ ಎಳ್ಕೊಂಡು ಬಂದು ಲಾರಿಲಿ ಕೂರಿಸಿದ್ರಿ. ಡೀಸೆಲ್ ಲಾರಿ ಆಗಿದ್ರೆ ಮಸಿಗೆ ಒಂದು ನೆಪ ಇರ್ತಿತ್ತು. ಅವನ್ನೆಲ್ಲ ನೀವೇ ಆಚೆ ಅಟ್ಟಿದ್ರಿ.”

ಮ್ಯಾನೇಜರ್ ಕುಸಿದು ಕೂತ. “ಈ ಗಿರಾಕಿಗಳ ಕೆಲಸ ಕೈತಪ್ಪಿದ್ರೆ ಎಲ್ರ ಹೊಟ್ಟೆ ಮೇಲೂ ಕಲ್ಲು ಬೀಳ್ತಿತ್ತು ಮೇಡಂ. ಚಿಲಕ ತೆಗೆಯೋದು ಮರೆತೆ. ಅಷ್ಟೇ.”

ನಾನು ಹಮಾಲಿಯ ಕೋಳ ಬಿಚ್ಚಿದೆ. ಅವನ ಅಕ್ಕ ಹಿಂದೆಯೇ ಬಂದು ನಿಂತದ್ದು ಆಗಲೇ ನನಗೆ ಕಂಡದ್ದು. ಅವಳು ಚಿಲಕವನ್ನೇ ನೋಡುತ್ತಿದ್ದಳು.

“ಅವರು ಬಾಗಿಲು ಬಡೀಲಿಲ್ವಾ?”

ಮ್ಯಾನೇಜರ್ ತಲೆಯೆತ್ತಲಿಲ್ಲ.

“ಬಡಿದ. ಆಗ ಗಿರಾಕಿಗಳು ಅಂಗಳದಲ್ಲೇ ಇದ್ರಮ್ಮ.”