ವಾಡಿಯಲ್ಲಿ ಇಳಿದ ಶಹರಬಾನು

"ಇಳೀರಿ ಕೆಳಗ! ಇದು ಆಡೋ ಟೈಮ್!"

ಏಣಿ ಮೇಲೆ ನಿಂತು ದೀಪ ಕಟ್ಟುತ್ತಿದ್ದ ಬಂದೇಅಲಿ ಬೆಚ್ಚಿ ನೋಡಿದ. ಕೆಳಗೆ ರಾಕೆಟ್ ಹಿಡಿದು ಶಹರಬಾನು ನಿಂತಿದ್ದಳು.

"ದೀಪ ಇಲ್ದ ಹ್ಯಾಂಗ ಆಡ್ತೀರಿ?"

"ನೀವು ಇಳಿದ್ರ ಆಡ್ತೀನಿ!"

ಅವನು ನಕ್ಕ. ಅವಳು ನಗಲಿಲ್ಲ... ಆದರೆ ಅವನು ಇಳಿಯುವವರೆಗೂ ಏಣಿ ಹಿಡಿದುಕೊಂಡಳು.

ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ಲಬ್ಬಿನಲ್ಲಿ ಸ್ಕ್ವಾಷ್ ಆಡಲು ನಾಲ್ಕು ಗೋಡೆಯ ಕೋಣೆಯಿತ್ತು. ಕ್ಲಬ್ ನೋಡಿಕೊಳ್ಳುತ್ತಿದ್ದ ಸರ್ದಾರ ಎಂಬವನ ಮಗಳು ಶಹರಬಾನು ಆ ಗೋಡೆಗೆ ಚೆಂಡು ಬಡಿಯುತ್ತಲೇ ಬೆಳೆದವಳು. ಜೊತೆಗೆ ಆಡುವವರಿಲ್ಲದ ಅವಳಿಗೆ ಎಲೆಕ್ಟ್ರಿಷಿಯನ್ ಬಂದೇಅಲಿ ಜೋಡಿಯಾದ. ದಿನಾ ಸೋತ. ಮನಸ್ಸನ್ನೂ ಸೋತ. ಬಾಯಿಬಿಟ್ಟು ಮಾತ್ರ ಇಬ್ಬರೂ ಹೇಳಲಿಲ್ಲ!

೧೯೭೯ರಲ್ಲಿ ಮುಂಬಯಿಯ ಕ್ಲಬ್ಬೊಂದು ಸಂಬಳ ಕೊಟ್ಟು ಆಡಲು ಅವಳನ್ನು ಕರೆಯಿತು. ಹೊರಡುವ ಹಿಂದಿನ ದಿನ ಅವಳು ಹೊಡೆದ ಚೆಂಡು ಅವನ ಎಡಗಣ್ಣಿಗೆ ಬಡಿಯಿತು.

"ಯಾ ಅಲ್ಲಾ...! ತೋರಸ್ರಿ, ನೋಡ್ತೀನಿ!"

"ಏನೂ ಆಗಿಲ್ಲ," ಎಂದ, ಅಂಗೈಯಿಂದ ಕಣ್ಣು ಮುಚ್ಚಿಕೊಂಡು. "ನೀ ಹೋಗು."

ಮರುದಿನ ಸ್ಟೇಷನ್ನಿಗೆ ಅವನು ಬರಲಿಲ್ಲ.

ದಿಲ್ಲಿ, ಕಲಕತ್ತಾ, ಮದ್ರಾಸ್... ಊದಿದ ಮಂಡಿಗೆ ಬಟ್ಟೆ ಸುತ್ತಿಕೊಂಡು, ರೈಲಿನ ಕಿಟಕಿಗೆ ತಲೆಯಾನಿಸಿ ಊರೂರು ತಿರುಗಿದಳು. ಗೆದ್ದ ದಿನ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಕಾಗದ ಬರೆದು ಬಂದೇಅಲಿಯ ಸುದ್ದಿ ಕೇಳಿದರೆ ಅಪ್ಪ ಮಾತು ತೇಲಿಸುತ್ತಿದ್ದ.

ಎರಡು ವರ್ಷದ ಮೇಲೆ, ಮದ್ರಾಸಿಗೆ ಆಡಲು ಹೋಗುವಾಗ ಒಂದು ದಿನ ಮನೆಯಲ್ಲಿರಲೆಂದು ವಾಡಿಯಲ್ಲಿ ಇಳಿದಳು. ಜನರ ನಡುವೆ ಬಂದೇಅಲಿ! ಕರೆಯಬೇಕೆಂದು ಕೈ ಎತ್ತಿದಳು. ಅಷ್ಟರಲ್ಲಿ ತನ್ನ ಎಡಗಡೆಗಿದ್ದ ಅವಳನ್ನು ತೋಳು ತಾಗುವಷ್ಟು ಹತ್ತಿರದಿಂದ ದಾಟಿ, ತಿರುಗಿಯೂ ನೋಡದೆ ಅವನು ಹೋಗಿಬಿಟ್ಟ.

"ಅಬ್ಬಾ... ಅವರಿಗಿ ನಾ ಬ್ಯಾಡಾದೆ!"

ಅವಳನ್ನು ಕರೆದೊಯ್ಯಲು ಬಂದಿದ್ದ ಅಪ್ಪ ಸರ್ದಾರ ತಲೆ ತಗ್ಗಿಸಿದ.

"ಬ್ಯಾಡಾಗಿಲ್ಲ ಬೇಟಾ. ನೀ ಬರೋದು ಕೇಳಿ ನಿನ್ನನ್ನೇ ಹುಡುಕ್ಲಿಕತ್ತಾನ. ಅಂವಗ ಎಡಗಣ್ಣು ಕಾಣಂಗಿಲ್ಲ... ಚೆಂಡು ಬಡದ ದಿನಾನೇ ಹ್ವಾತು. ನಿನಗ ಹೇಳಬಾರದಂತ ನನ್ನ ಕಡಿಂದ ಆಣಿ ಮಾಡಿಸ್ಕೊಂಡಿದ್ದ."

'ನನ್ನ ಕೈಯಿಂದಲೇ...!'

ಓಡಿದಳು. ರೈಲು ಹೋದರೂ ಅವನು ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಅತ್ತಿತ್ತ ನೋಡುತ್ತ ನಿಂತಿದ್ದ. ಬೆರಳ ತುದಿಯಿಂದ ಅವನ ಎಡಗಣ್ಣಿನ ರೆಪ್ಪೆ ಮುಟ್ಟಿದಳು. ಎಷ್ಟು ಆಟ ಗೆದ್ದರೂ ಇದನ್ನು ಮರಳಿ ಕೊಡಲಾರಳು!

"ಯಾಕ ಹೇಳಲಿಲ್ರಿ?"

"ಹೇಳಿದ್ರ ಕಣ್ಣು ಬರ್ತಿತ್ತೇನು? ನಿನ್ನ ಆಟ ಹೋಗ್ತಿತ್ತು."

"ನಾ ಇನ್ನ ಆಡಂಗಿಲ್ಲ!"

"ಹಂಗಂದ್ರ ನನ್ನ ಕಣ್ಣು ಸುಮ್ನ ಹ್ವಾದಂಗಾತು, ಬಾನು."

ಅವಳು ಮುಖ ಮುಚ್ಚಿಕೊಂಡಳು. ಬಹಳ ಹೊತ್ತು ಅತ್ತಳು. ಆಮೇಲೆ ಕೇಳಿದಳು, "ಆಡ್ತೀನಿ. ಆದ್ರ ಒಬ್ಬಾಕೀನೇ ತಿರುಗಲಿಕ್ಕ ಆಗವಲ್ದು. ನಿಕಾಹ್ ಮಾಡ್ಕೋತೀರೇನು?"

"ಕನಿಕರಕ್ಕ ಕೇಳ್ಲಿಕತ್ತೀ?"

"ಎರಡು ವರ್ಷ ನಿಮ್ಮ ಸಲುವಾಗಿ ಅತ್ತೀನಿ. ಅವಾಗ ನಂಗ ಕಣ್ಣಿನ ಸುದ್ದಿ ಎಲ್ಲಿ ಗೊತ್ತಿತ್ರಿ?"

ಅವನು ಅವಳ ಕೈ ಹಿಡಿದುಕೊಂಡ. ಹತ್ತಿರದ ಬೆಂಚಿನ ಮೇಲೆ ಕುಳಿತ. ಅವಳು ಅವನ ಎಡಕ್ಕೆ ಕುಳಿತಳು.

"ಬಾನು, ಈ ಕಡಿ ಬಾ."

"ಯಾಕ್ರಿ?"

"ಅಲ್ಲಿ ಕುಂತ್ರ ನೀ ಕಾಣಂಗಿಲ್ಲ."

ಎದ್ದು ಬಲಕ್ಕೆ ಬಂದಳು. "ಈಗ?"

"ಈಗ ಸುಮ್ನ ಕುಂದ್ರು... ಭಾಳ ದಿನ ಆತು ನಿನ್ನ ನೋಡಿ."